ಹಸ್ತಪ್ರತಿ ಸಿದ್ಧ, ಮುಂದೇನು? ಪ್ರಕಾಶಕರು, ಸ್ವಂತ ಪ್ರಕಟಣೆ, ಬೇಡಿಕೆ ಮುದ್ರಣ, ಇ-ಪುಸ್ತಕ: ಯಾವುದು ಯಾರಿಗೆ

ಪುಸ್ತಕ ಬರೆದು ಮುಗಿಸಿದವರು ಮೊದಲು ಕೇಳುವುದು "ಸಾವಿರ ಪ್ರತಿಗೆ ಎಷ್ಟಾಗುತ್ತದೆ?" ಎಂದು. ಮುದ್ರಕರಿಗೆ ಪುಟಸಂಖ್ಯೆ, ಅಳತೆ, ಕಾಗದ ಹೇಳಿದರೆ ಈ ಪ್ರಶ್ನೆಗೆ ಹತ್ತು ನಿಮಿಷದಲ್ಲಿ ಉತ್ತರ ಸಿಗುತ್ತದೆ. ಮೊದಲ ಮುನ್ನೂರು ಪ್ರತಿಗಳನ್ನು ಯಾರು ಕೊಳ್ಳುತ್ತಾರೆ ಎಂಬುದಕ್ಕೆ ಮಾತ್ರ ಯಾವ ಮುದ್ರಕರ ಬಳಿಯೂ ಉತ್ತರವಿಲ್ಲ. ಕನ್ನಡದಲ್ಲಿ ಸ್ವತಂತ್ರವಾಗಿ ಪುಸ್ತಕ ತರುವವರ ಕೈ ಸುಡುವುದು ಬಹುಪಾಲು ಇಲ್ಲಿಯೇ. ಆದ್ದರಿಂದ ಆಯ್ಕೆಗಳ ವಿಚಾರಕ್ಕೆ ಹೋಗುವ ಮೊದಲು ಒಂದು ಹಾಳೆ ತೆಗೆದುಕೊಂಡು ಐದು ವಿಷಯಗಳನ್ನು ಬರೆದಿಟ್ಟುಕೊಳ್ಳಿ.

ಮೊದಲನೆಯದು, ವಾಪಸು ಬಾರದಿದ್ದರೂ ಮನೆ ನಡೆಯುತ್ತದೆ ಎನ್ನುವಷ್ಟು ಹಣ ಎಷ್ಟು? ಸಾಲ ಮಾಡಿ ಪುಸ್ತಕ ತರಬೇಡಿ. ಈ ಒಂದು ಮಾತಿನಲ್ಲಿ ನನಗೆ ರಾಜಿ ಇಲ್ಲ. ಎರಡನೆಯದು, ನೀವು ನೇರವಾಗಿ ತಲುಪಬಲ್ಲ ಓದುಗರು ಎಷ್ಟು ಮಂದಿ? ಫೇಸ್‌ಬುಕ್ಕಿನ ಮೆಚ್ಚುಗೆಗಳನ್ನು ಇಲ್ಲಿ ಸೇರಿಸಬೇಡಿ. ಸಂದೇಶ ಕಳಿಸಿದರೆ ಹಣ ಕಳಿಸಿ ವಿಳಾಸ ಕೊಡುವವರನ್ನು ಮಾತ್ರ ಎಣಿಸಿ. ಮೂರನೆಯದು, ಲಕೋಟೆಗೆ ಅಂಟು ಹಾಕಿ, ವಿಳಾಸ ಬರೆದು, ಅಂಚೆ ಕಚೇರಿಯ ಸಾಲಿನಲ್ಲಿ ನಿಲ್ಲುವ ಕೆಲಸಕ್ಕೆ ನಿಮಗೆ ಬಿಡುವು ಮತ್ತು ತಾಳ್ಮೆ ಇದೆಯೇ? ನಾಲ್ಕನೆಯದು, ಮುಂದೆ ಅನುವಾದ, ಆಡಿಯೊ, ಚಲನಚಿತ್ರದ ಹಕ್ಕು ಯಾರ ಬಳಿ ಇರಬೇಕು? ಐದನೆಯದು, ಪುಸ್ತಕ ಎಂಥದ್ದು? 90 ಪುಟದ ಕವನ ಸಂಕಲನ, 500 ಪುಟದ ಕಾದಂಬರಿ, ಬಣ್ಣದ ಚಿತ್ರಗಳ ಮಕ್ಕಳ ಪುಸ್ತಕ, ಊರಿನ ಇತಿಹಾಸ, ಇವು ನಾಲ್ಕಕ್ಕೂ ಒಂದೇ ದಾರಿ ಒಗ್ಗುವುದಿಲ್ಲ.

ಖರ್ಚು ಏರಿದ್ದು ಎಲ್ಲಿ

ಕಾಗದದ ಬೆಲೆಯನ್ನು ಎಲ್ಲರೂ ಬೈಯುತ್ತಾರೆ, ಕಾರಣವೂ ಇದೆ. 2022ರಲ್ಲಿ ಕಾಗದ ಮಾಡುವ ಮರದ ತಿರುಳು, ರದ್ದಿ ಕಾಗದದ ಆಮದು, ಕಲ್ಲಿದ್ದಲು, ಹಡಗಿನ ಸಾಗಣೆ ಎಲ್ಲವೂ ತುಟ್ಟಿಯಾಗಿ ಕಾಗದದ ದರ ಏರಿತು. ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆ (ಎಂಪಿಎಂ) ಕಾಗದ ತಯಾರಿಕೆ ನಿಲ್ಲಿಸಿ ವರ್ಷಗಳಾಗಿವೆ. 2025ರ ಸೆಪ್ಟೆಂಬರ್ 22ರಂದು ಜಿಎಸ್‌ಟಿ ದರಗಳು ಬದಲಾದಾಗ ಶಾಲಾ ನೋಟ್‌ಬುಕ್ಕಿನ ಕಾಗದಕ್ಕೆ ವಿನಾಯಿತಿ ಸಿಕ್ಕಿತು. ಪುಸ್ತಕಕ್ಕೆ ಬಳಸುವ ಕಾಗದದ ತೆರಿಗೆ 12ರಿಂದ 18 ಶೇಕಡಾಕ್ಕೆ ಏರಿತು. ಅಚ್ಚಾದ ಪುಸ್ತಕದ ಮೇಲೆ ಜಿಎಸ್‌ಟಿ ಇಲ್ಲ, ನಿಜ. ಆದರೆ ಮಾರುವಾಗ ತೆರಿಗೆ ಇಲ್ಲದ ಕಾರಣ, ಕಾಗದಕ್ಕೂ ಮುದ್ರಣಕ್ಕೂ ಕಟ್ಟಿದ ತೆರಿಗೆಯನ್ನು ಹಿಂಪಡೆಯುವ ದಾರಿಯೂ ಇಲ್ಲ. ಅದು ಪುಸ್ತಕದ ಅಸಲಿಗೇ ಸೇರುತ್ತದೆ.

ಹಾಗಾದರೆ ಒಂದು ಪ್ರತಿಯಲ್ಲಿ ಕಾಗದದ ಪಾಲು ಎಷ್ಟು? ಒಮ್ಮೆ ಕೂತು ಲೆಕ್ಕ ಹಾಕಿ ನೋಡುವುದು ಒಳ್ಳೆಯದು. ಕನ್ನಡ ಪುಸ್ತಕಗಳ ಒಳಪುಟದಲ್ಲಿ "70 ಜಿಎಸ್‌ಎಂ ಮ್ಯಾಪ್‌ಲಿಥೊ, 1/8 ಡೆಮಿ" ಎಂದು ಅಚ್ಚಾಗಿರುತ್ತದಲ್ಲ, ಅದೇ ಅಳತೆ ಹಿಡಿಯೋಣ: ಚದರ ಮೀಟರಿಗೆ 70 ಗ್ರಾಂ ತೂಗುವ ಮುದ್ರಣ ಕಾಗದ, ಸುಮಾರು 5.5 x 8.5 ಇಂಚಿನ ಪುಟ. 23 x 36 ಇಂಚಿನ ಒಂದು ಹಾಳೆಯಲ್ಲಿ ಎರಡೂ ಬದಿ ಸೇರಿ 32 ಪುಟ, ಅಂದರೆ 16 ಪುಟದ ಎರಡು ಫಾರಂ. 160 ಪುಟದ ಪುಸ್ತಕಕ್ಕೆ ಐದು ಹಾಳೆ. ಸಾವಿರ ಪ್ರತಿಗೆ ಐದು ಸಾವಿರ ಹಾಳೆ, ಅಂದರೆ 500 ಹಾಳೆಯ ಹತ್ತು ರೀಮು. ಯಂತ್ರದಲ್ಲಿ ಹಾಳಾಗುವುದಕ್ಕೆ ಅರ್ಧ ರೀಮು ಹೆಚ್ಚು. ಒಂದು ರೀಮಿನ ತೂಕ ಸುಮಾರು 18.6 ಕಿಲೋ, ಒಟ್ಟು 195 ಕಿಲೋ. ಕಿಲೋಗೆ 85 ರೂಪಾಯಿ ಎಂದು ಹಿಡಿದರೆ ಹದಿನಾರೂವರೆ ಸಾವಿರ, ತೆರಿಗೆ ಸೇರಿ ಹತ್ತೊಂಬತ್ತೂವರೆ ಸಾವಿರ. ಪ್ರತಿಗೆ 20 ರೂಪಾಯಿಗೆ ಸ್ವಲ್ಪ ಕಡಿಮೆ. ತೆರಿಗೆ 12ರಿಂದ 18ಕ್ಕೆ ಏರಿದ್ದರಿಂದ ಹೆಚ್ಚಾದದ್ದು ಪ್ರತಿಗೆ ಒಂದು ರೂಪಾಯಿ.

ಈಗ ಇದರ ಪಕ್ಕದಲ್ಲಿ ಇನ್ನೊಂದು ಅಂಕಿ ಇಡಿ. ಪುಸ್ತಕದ ಬೆಲೆ 200 ರೂಪಾಯಿ, ಅಂಗಡಿಗೆ ಕೊಡುವ ರಿಯಾಯಿತಿ 40 ಶೇಕಡಾ ಎಂದರೆ 80 ರೂಪಾಯಿ. ಕಾಗದದ ನಾಲ್ಕು ಪಟ್ಟು! ಅಂಗಡಿಯವರನ್ನು ದೂರುವಂತಿಲ್ಲ, ಬಾಡಿಗೆ, ಸಿಬ್ಬಂದಿ, ಮಾರಾಟವಾಗದೆ ಕುಳಿತ ಪುಸ್ತಕ ಎಲ್ಲವೂ ಅದರಲ್ಲೇ ಸರಿದೂಗಬೇಕು. ಆದರೆ ಕಾಗದದ ದರದಲ್ಲಿ ಎರಡು ರೂಪಾಯಿ ಉಳಿಸಲು ಬೆಂಗಳೂರಿನ ಸುಲ್ತಾನ್‌ಪೇಟೆಯ ಅಂಗಡಿಗಳನ್ನೆಲ್ಲ ಸುತ್ತುವ ಲೇಖಕರು ಮಾರಾಟದ ದಾರಿಯ ಬಗ್ಗೆ ಅರ್ಧ ದಿನವೂ ಯೋಚಿಸದಿರುವುದು ನನಗೆ ಸೋಜಿಗ.

ಕಾಗದ, ತೆರಿಗೆಯ ನಂತರ ಮೂರನೆಯ ಏರಿಕೆ ಅಂಚೆಯದು. 2024ರ ಡಿಸೆಂಬರಿನಲ್ಲಿ ಅಂಚೆ ಇಲಾಖೆ ಪುಸ್ತಕಗಳಿಗಿದ್ದ ರಿಯಾಯಿತಿ ದರದ ರಿಜಿಸ್ಟರ್ಡ್ ಬುಕ್ ಪೋಸ್ಟ್ ಸೇವೆಯನ್ನು ದಿಢೀರನೆ ನಿಲ್ಲಿಸಿತು. ಸಣ್ಣ ಪ್ರಕಾಶಕರಿಗೆ ಅದು ದೊಡ್ಡ ಪೆಟ್ಟು. 2025ರ ಮೇ 1ರಿಂದ ಅದರ ಜಾಗಕ್ಕೆ ‘ಜ್ಞಾನ ಪೋಸ್ಟ್’ ಬಂತು. ಆರಂಭದ ದರ 300 ಗ್ರಾಂವರೆಗೆ 20 ರೂಪಾಯಿ, 5 ಕಿಲೋಗೆ 100 ರೂಪಾಯಿ, ತೆರಿಗೆ ಬೇರೆ. ಇಲ್ಲಿ ಪುಟಸಂಖ್ಯೆಯ ಮಹತ್ವ ಗಮನಿಸಿ. ಮೇಲೆ ಹೇಳಿದ ಕಾಗದದಲ್ಲಿ 160 ಪುಟದ ಪುಸ್ತಕ ರಕ್ಷಾಪುಟವೂ ಸೇರಿ 190 ಗ್ರಾಂ ಆಸುಪಾಸು ತೂಗುತ್ತದೆ. ರಟ್ಟು, ಲಕೋಟೆ ಸೇರಿದರೂ ಮೊದಲ ಹಂತದಲ್ಲೇ ಉಳಿಯುತ್ತದೆ. 240 ಪುಟದ್ದು 270 ಗ್ರಾಂ, ಲಕೋಟೆ ಹಾಕಿದೊಡನೆ 300 ದಾಟುತ್ತದೆ. ಅಕ್ಷರದ ಗಾತ್ರ, ಅಂಚಿನ ಬಿಳಿ ಜಾಗ ನಿರ್ಧರಿಸುವಾಗಲೇ ಪಕ್ಕದಲ್ಲಿ ಒಂದು ತಕ್ಕಡಿ ಇಟ್ಟುಕೊಳ್ಳಿ.

ಹೆಸರಾಂತ ಪ್ರಕಾಶಕರಿಗೆ ಕೊಡುವುದು

ನಿಮ್ಮ ಕೈಯಿಂದ ಹಣ ಹೋಗುವುದಿಲ್ಲ. ಪುಸ್ತಕ ಅಂಗಡಿಗಳಲ್ಲಿ, ಸಮ್ಮೇಳನದ ಮಳಿಗೆಗಳಲ್ಲಿ ಕಾಣಿಸುತ್ತದೆ. ಒಳ್ಳೆಯ ಪ್ರಕಾಶನವಾದರೆ ಹಸ್ತಪ್ರತಿಯನ್ನು ಓದಿ ತಿದ್ದುವವರೊಬ್ಬರು ಸಿಗುತ್ತಾರೆ. ಮೊದಲ ಪುಸ್ತಕದವರಿಗೆ ಇದು ಹಣಕ್ಕಿಂತ ದೊಡ್ಡದು. ಇದಕ್ಕೆ ಪ್ರತಿಯಾಗಿ ಕಾಯಬೇಕು. ಉತ್ತರ ಬರಲು ತಿಂಗಳುಗಳು, ಅಚ್ಚಾಗಲು ಮತ್ತಷ್ಟು ತಿಂಗಳು. ಗೌರವಧನ ರೂಢಿಯಲ್ಲಿ ಮುಖಬೆಲೆಯ 10 ಶೇಕಡಾ: 200 ರೂಪಾಯಿಯ ಪುಸ್ತಕ ಸಾವಿರವೂ ಮಾರಾಟವಾದರೆ 20 ಸಾವಿರ. ಕೆಲವರು ಹಣದ ಬದಲು ಪುಸ್ತಕದ ಪ್ರತಿಗಳನ್ನೇ ಕೊಡುತ್ತಾರೆ. ಅದು ತಪ್ಪಲ್ಲ, ಮೊದಲೇ ಬರವಣಿಗೆಯಲ್ಲಿ ಇರಬೇಕು, ಅಷ್ಟೇ.

ಒಪ್ಪಂದ ಪತ್ರ ಕೇಳಲು ಸಂಕೋಚಪಡುವ ಲೇಖಕರು ನಮ್ಮಲ್ಲಿ ಬಹಳ. ಕೇಳಿ. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಹಕ್ಕಿನ ವರ್ಗಾವಣೆ ಲಿಖಿತವಾಗಿರಬೇಕು. ಅವಧಿ ಬರೆಯದಿದ್ದರೆ ಐದು ವರ್ಷ ಎಂದೂ, ಪ್ರದೇಶ ಬರೆಯದಿದ್ದರೆ ಭಾರತ ಎಂದೂ ತಿಳಿಯಲಾಗುತ್ತದೆ. ಮುದ್ರಣದ ಹಕ್ಕನ್ನು ಒಂದು ಆವೃತ್ತಿಗೆ ಅಥವಾ ಇಂತಿಷ್ಟು ವರ್ಷಕ್ಕೆ ಕೊಟ್ಟು, ಇ-ಪುಸ್ತಕ, ಆಡಿಯೊ, ಅನುವಾದವನ್ನು ನಿಮ್ಮಲ್ಲೇ ಉಳಿಸಿಕೊಳ್ಳಬಹುದು. "ಎಲ್ಲ ಹಕ್ಕುಗಳೂ ಶಾಶ್ವತವಾಗಿ" ಎಂಬ ಸಾಲು ಕಂಡರೆ ಪೆನ್ನು ಕೆಳಗಿಡಿ.

ಇದರ ಪಕ್ಕದಲ್ಲೇ ಇನ್ನೊಂದು ಬಗೆ ಬೆಳೆದಿದೆ: ಪ್ರಕಾಶನದ ಹೆಸರು ಅವರದು, ಖರ್ಚು ನಿಮ್ಮದು. ಇಲ್ಲವೇ "300 ಪ್ರತಿ ನೀವೇ ಕೊಳ್ಳಬೇಕು" ಎಂಬ ಷರತ್ತು. ಇದನ್ನು ಸಾರಾಸಗಟಾಗಿ ಮೋಸ ಎನ್ನಲಾರೆ. ಓಡಾಟ ಸಾಧ್ಯವಿಲ್ಲದವರಿಗೆ ಅದೊಂದು ಸೇವೆ. ಆದರೆ ಅದನ್ನು ಸೇವೆಯ ಹಾಗೆಯೇ ತೂಗಿ ನೋಡಿ: ಅದೇ ಕೆಲಸಕ್ಕೆ ಮುದ್ರಕರು ಹೇಳುವ ದರವೆಷ್ಟು, ಉಳಿದ ಪ್ರತಿಗಳು ಯಾರ ಸ್ವತ್ತು, ಗ್ರಂಥಾಲಯಕ್ಕೆ ಮಾರಾಟವಾದರೆ ಹಣ ಯಾರಿಗೆ. ಐಎಸ್‌ಬಿಎನ್‌ಗೆಂದು (ಪುಸ್ತಕದ ಅಂತರರಾಷ್ಟ್ರೀಯ ಗುರುತಿನ ಸಂಖ್ಯೆ) ಪ್ರತ್ಯೇಕ ಶುಲ್ಕ ಕೇಳಿದರೆ ಕೊಡಬೇಡಿ. ನಮ್ಮ ದೇಶದಲ್ಲಿ ರಾಜಾ ರಾಮಮೋಹನ್ ರಾಯ್ ರಾಷ್ಟ್ರೀಯ ಏಜೆನ್ಸಿ ಅದನ್ನು ಉಚಿತವಾಗಿ ಕೊಡುತ್ತದೆ. ಲೇಖಕರೇ ಆನ್‌ಲೈನ್‌ನಲ್ಲಿ ಅರ್ಜಿ ಹಾಕಬಹುದು.

ಸ್ವಂತ ಪ್ರಕಟಣೆ: ಸಾವಿರವೋ, ಮುನ್ನೂರೋ

ಹೆಚ್ಚಿನವರು ಎಡವುವುದು ಇಲ್ಲೇ, ಹಾಗಾಗಿ ತುಸು ನಿಧಾನವಾಗಿ ನೋಡೋಣ. ಕೆಳಗಿನ ಅಂಕಿಗಳನ್ನು ಲೆಕ್ಕದ ಕ್ರಮ ತಿಳಿಯಲೆಂದು ಹಿಡಿದಿದ್ದೇನೆ. ನಿಮ್ಮ ಮುದ್ರಕರ ದರ ಹಾಕಿ ಮತ್ತೆ ಲೆಕ್ಕ ಮಾಡಿಕೊಳ್ಳಿ. ಅದೇ 160 ಪುಟದ, 200 ರೂಪಾಯಿಯ ಪುಸ್ತಕ. ಡಿಟಿಪಿ (ಕಂಪ್ಯೂಟರಿನಲ್ಲಿ ಪುಟ ಕಟ್ಟುವುದು), ಕರಡು ತಿದ್ದುವಿಕೆ, ರಕ್ಷಾಪುಟ ವಿನ್ಯಾಸಕ್ಕೆ 20 ಸಾವಿರ. ಆಫ್‌ಸೆಟ್‌ನಲ್ಲಿ (ತಗಡಿನ ಪಡಿಯಚ್ಚಿನಿಂದ ಒಟ್ಟಿಗೆ ಮುದ್ರಿಸುವುದು) ಸಾವಿರ ಪ್ರತಿಯ ಕಾಗದ, ಮುದ್ರಣ, ಬೈಂಡಿಂಗ್ ಸೇರಿ 55 ಸಾವಿರ; ಒಟ್ಟು 75 ಸಾವಿರ. ಪಡಿಯಚ್ಚು ಬೇಡದೆ ಕಡತದಿಂದ ನೇರವಾಗಿ ಮುದ್ರಿಸುವ ಡಿಜಿಟಲ್ ಯಂತ್ರದಲ್ಲಿ ಪ್ರತಿಗೆ 95 ರೂಪಾಯಿಯಂತೆ 300 ಪ್ರತಿಗೆ 28,500, ಒಟ್ಟು 48,500.

ಅಂಗಡಿಯ ಮೂಲಕ ಮಾರಿದರೆ ಪ್ರತಿಗೆ 120 ರೂಪಾಯಿ ಕೈಗೆ ಬರುತ್ತದೆ. 10 ಶೇಕಡಾ ರಿಯಾಯಿತಿ ಕೊಟ್ಟು, ಅಂಚೆ ವೆಚ್ಚ ಪ್ರತ್ಯೇಕ ಹಾಕಿ ನೇರವಾಗಿ ಮಾರಿದರೆ 180. ಡಿಜಿಟಲ್‌ನ ಮುನ್ನೂರನ್ನೂ ಅಂಗಡಿಗೇ ಕೊಟ್ಟರೆ ಒಂದೂ ಉಳಿಯದಂತೆ ಮಾರಾಟವಾದರೂ 36 ಸಾವಿರವೇ ಬರುವುದು, ಅಂದರೆ ಹನ್ನೆರಡೂವರೆ ಸಾವಿರ ನಷ್ಟ. ಅದೇ ಮುನ್ನೂರನ್ನು ನೇರವಾಗಿ ಮಾರಿದರೆ 54 ಸಾವಿರ. ಅಸಲು ಬಂದು ಐದೂವರೆ ಸಾವಿರ ಉಳಿಯುತ್ತದೆ. ಅಂಗಡಿಗಳನ್ನೇ ನಂಬಿದವರು ಸಣ್ಣ ಮುದ್ರಣಕ್ಕೆ ಕೈ ಹಾಕುವಂತಿಲ್ಲ.

ಆಫ್‌ಸೆಟ್‌ನ ಸಾವಿರದಲ್ಲಿ ಅಸಲು ಬರಲು ಅಂಗಡಿಯ ದಾರಿಯಲ್ಲಿ 625 ಪ್ರತಿ ಹೋಗಬೇಕು, ನೇರ ಮಾರಾಟದಲ್ಲಿ 417. ನಿಮ್ಮಿಂದ ನೇರವಾಗಿ ಹೋಗುವುದು ಮುನ್ನೂರೇ ಎಂದಾದರೆ 21 ಸಾವಿರ ಬಾಕಿ, ಮಂಚದ ಕೆಳಗೆ ಏಳುನೂರು ಪುಸ್ತಕ. ಇನ್ನು ಆರುನೂರು ಮಾರಿದವರ ಲೆಕ್ಕ ನೋಡಿ. ಆಫ್‌ಸೆಟ್‌ನಲ್ಲಿ ಲಾಭ 33 ಸಾವಿರ. ಡಿಜಿಟಲ್‌ನಲ್ಲಿ ಮುನ್ನೂರರ ಎರಡು ಕಂತು ಹಾಕಿಸಿದವರಿಗೆ 31 ಸಾವಿರ. ವ್ಯತ್ಯಾಸ ಎರಡೇ ಸಾವಿರ! "ಪ್ರತಿಗೆ ಅಗ್ಗ" ಎಂಬ ಆಸೆಗೆ ಬಿದ್ದು ಸಾವಿರ ಹಾಕಿಸುವುದಕ್ಕೆ ಆರುನೂರರ ಒಳಗೆ ಅರ್ಥವಿಲ್ಲ. ಅದನ್ನು ದಾಟಿದರೆ ಆಫ್‌ಸೆಟ್ ಮುಂದೆ ಓಡುತ್ತದೆ: ಸಾವಿರವೂ ಹೋದರೆ ಅದರ ಲಾಭ 1,05,000, ಡಿಜಿಟಲ್‌ನದು 65 ಸಾವಿರ. ಎರಡನೆಯ ಕಂತಿಗೆ ಮುನ್ನ ಮೊದಲ ಕಂತಿನ ಅಚ್ಚಿನ ದೋಷಗಳನ್ನು ತಿದ್ದಿಕೊಳ್ಳಬಹುದು ಎಂಬ ಅನುಕೂಲ ಬೇರೆ.

ಈ ಲೆಕ್ಕದಲ್ಲಿ ಬಿಟ್ಟುಹೋಗುವ ಖರ್ಚುಗಳಿವೆ. ಗೌರವ ಪ್ರತಿಗಳು: ಮುನ್ನುಡಿ ಬರೆದವರಿಗೆ, ಬೆನ್ನುಡಿಯವರಿಗೆ, ಪತ್ರಿಕೆಗಳಿಗೆ, ನೆಂಟರಿಗೆ ಎಂದು ಐವತ್ತು ಪ್ರತಿ ಸಲೀಸಾಗಿ ಹೋಗುತ್ತದೆ, ಮುನ್ನೂರರಲ್ಲಿ ಐವತ್ತು ಎಂದರೆ ಆರರಲ್ಲಿ ಒಂದು. ಬಿಡುಗಡೆ ಸಮಾರಂಭದ ಸಭಾಂಗಣ, ಶಾಲು, ಹಾರ, ಉಪ್ಪಿಟ್ಟು, ಕಾಫಿ. 1954ರ ಕಾಯ್ದೆಯಂತೆ ಕೋಲ್ಕತ್ತಾದ ರಾಷ್ಟ್ರೀಯ ಗ್ರಂಥಾಲಯಕ್ಕೂ ಚೆನ್ನೈ, ಮುಂಬೈ, ದೆಹಲಿಯ ನಿಗದಿತ ಗ್ರಂಥಾಲಯಗಳಿಗೂ ಪ್ರಕಾಶಕರು ತಮ್ಮ ಖರ್ಚಿನಲ್ಲೇ ಪ್ರತಿ ಕಳಿಸಬೇಕು. ಸ್ವಂತ ಪ್ರಕಟಣೆಯಲ್ಲಿ ಪ್ರಕಾಶಕರು ನೀವೇ.

ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಸಗಟು ಖರೀದಿಯನ್ನು ನೆಚ್ಚಿಕೊಂಡು ಪುಸ್ತಕ ತರುವ ಅಭ್ಯಾಸ ಕನ್ನಡ ಪ್ರಕಾಶನದಲ್ಲಿ ಹಳೆಯದು. ಆಯ್ಕೆಯಾದರೆ ಒಂದೇ ಏಟಿಗೆ ದೊಡ್ಡ ಸಂಖ್ಯೆ ಹೋಗುತ್ತದೆ, ನಿಜ. ಆದರೆ ಆಯ್ಕೆಗೂ ತಡ, ಹಣ ಬರುವುದಕ್ಕೂ ತಡ; ಪುಟದ ಲೆಕ್ಕದಲ್ಲಿ ಅವರು ಕೊಡುವ ಬೆಲೆ ನಿಮ್ಮ ಮುಖಬೆಲೆಗೆ ಹೊಂದದೇ ಇರಬಹುದು. ಅರ್ಜಿ ಹಾಕಿ, ಬಂದರೆ ಸಂತೋಷಪಡಿ, ಮುಂಗಡ ಲೆಕ್ಕದಲ್ಲಿ ಮಾತ್ರ ಸೊನ್ನೆ ಎಂದೇ ಬರೆಯಿರಿ.

ಮೊದಲೇ ಹಣ ಪಡೆದು ಅಚ್ಚು ಹಾಕಿಸುವ ಉಪಾಯವೂ ಉಂಟು. ಈಗಿನವರು ಇದನ್ನು ಪ್ರೀ ಬುಕಿಂಗ್ ಎನ್ನುತ್ತಾರೆ. ಧಾರವಾಡದಲ್ಲಿ ಜಿ.ಬಿ. ಜೋಶಿಯವರು 1933ರಲ್ಲಿ ಆರಂಭಿಸಿದ ಮನೋಹರ ಗ್ರಂಥಮಾಲೆ ಚಂದಾದಾರರನ್ನು ಕೂಡಿಸಿಕೊಂಡೇ ಬೆಳೆದದ್ದು. ಈಗ ವಾಟ್ಸ್ಆ್ಯಪ್ ಸಂದೇಶ, ಯುಪಿಐ ಸಂಖ್ಯೆ ಇದ್ದರೆ ಸಾಕು. ಮೂರು ವಾರದಲ್ಲಿ ನೂರೈವತ್ತು ಮಂದಿ ಹಣ ಕಳಿಸಿದರೆ ಮುನ್ನೂರು ಅಚ್ಚು ಹಾಕಿಸಿ. ನಲವತ್ತಕ್ಕೆ ನಿಂತರೆ ಮುಂದಿನ ದಾರಿ ಹಿಡಿಯಿರಿ.

ಬೇಡಿಕೆ ಬಂದಷ್ಟೇ ಮುದ್ರಣ

ಬೆಂಗಳೂರಿನ ಪೋಥಿ ಡಾಟ್ ಕಾಮ್, ಚೆನ್ನೈನ ನೋಷನ್ ಪ್ರೆಸ್ ಮೊದಲಾದವು ಈ ಸೌಲಭ್ಯ ಕೊಡುತ್ತವೆ. ಪಿಡಿಎಫ್ ಕೊಟ್ಟರೆ ಯಾರಾದರೂ ಕೊಂಡಾಗ ಒಂದು ಪ್ರತಿ ಅಚ್ಚಾಗಿ ಅವರ ಮನೆಗೆ ಹೋಗುತ್ತದೆ. ದಾಸ್ತಾನಿಲ್ಲ, ಅಂಚೆ ಕಚೇರಿಯ ಸಾಲಿಲ್ಲ, ಪುಸ್ತಕ ಎಂದೂ "ಪ್ರತಿಗಳು ಮುಗಿದಿವೆ" ಆಗುವುದಿಲ್ಲ. ತೊಂದರೆ ಬೆಲೆಯದು. ಒಂದೊಂದಾಗಿ ಅಚ್ಚಾಗುವ ಪ್ರತಿಗೆ ತಗಲುವ ವೆಚ್ಚ ಹೆಚ್ಚು, ಹಾಗಾಗಿ 200 ರೂಪಾಯಿಗೆ ನಿಲ್ಲಿಸುವುದು ಕಷ್ಟ. ಕನ್ನಡ ಓದುಗರು ಪುಟಸಂಖ್ಯೆ ನೋಡಿ ಬೆಲೆ ತೂಗುವವರು. 160 ಪುಟಕ್ಕೆ 300 ಎಂದರೆ ಹುಬ್ಬೇರಿಸುತ್ತಾರೆ. ಪುಸ್ತಕದ ಅಂಗಡಿಗಳಲ್ಲಿ ಈ ಪುಸ್ತಕಗಳು ಕಾಣುವುದೂ ಕಡಿಮೆ. ವರ್ಷಕ್ಕೆ ಮೂವತ್ತು ನಲವತ್ತು ಪ್ರತಿ ಮಾತ್ರ ಬೇಕಾಗುವ ಪುಸ್ತಕಕ್ಕೆ, ಮುಗಿದುಹೋದ ಹಳೆಯ ಪುಸ್ತಕವನ್ನು ಮತ್ತೆ ಸಿಗುವಂತೆ ಮಾಡುವುದಕ್ಕೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಬಣ್ಣದ ಚಿತ್ರಗಳ ಪುಸ್ತಕಕ್ಕೆ ಇದರ ಯೋಚನೆಯೇ ಬೇಡ.

ಇ-ಪುಸ್ತಕ

ಕಾಗದವಿಲ್ಲ, ಅಂಚೆಯಿಲ್ಲ, ಹೊರದೇಶದ ಕನ್ನಡಿಗರಿಗೆ ಆ ಕ್ಷಣದಲ್ಲೇ ಸಿಗುತ್ತದೆ. ಆದರೆ ಅಮೆಜಾನಿನ ಇ-ಪುಸ್ತಕ ವೇದಿಕೆ ಕಿಂಡಲ್ 2016ರಲ್ಲಿ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂಗೆ ಬಾಗಿಲು ತೆರೆದಾಗ ಕನ್ನಡ ಹೊರಗೇ ಉಳಿಯಿತು. ಕನ್ನಡದ ಇ-ಪುಸ್ತಕ ಬೆಳೆದದ್ದು ಗೂಗಲ್ ಪ್ಲೇ ಬುಕ್ಸ್‌ನಲ್ಲಿ, ಮೈಲ್ಯಾಂಗ್‌ನಂಥ ನಮ್ಮವರ ವೇದಿಕೆಗಳಲ್ಲಿ. ಅಂದರೆ ಓದುಗರು ಹಂಚಿಹೋಗಿದ್ದಾರೆ. ಮುದ್ರಿತ ಪುಸ್ತಕದ ಆದಾಯಕ್ಕೆ ಇದು ಪೂರಕ, ಸದ್ಯಕ್ಕೆ ಬದಲಿಯಲ್ಲ.

ಇಲ್ಲಿ ಒಂದು ತಾಂತ್ರಿಕ ತಲೆನೋವಿದೆ. ನಮ್ಮ ಅನೇಕ ಡಿಟಿಪಿ ಕೇಂದ್ರಗಳು ಇಂದಿಗೂ ಪೇಜ್‌ಮೇಕರ್‌ನಲ್ಲಿ, ಯೂನಿಕೋಡ್ (ಎಲ್ಲ ಸಾಧನಗಳಲ್ಲೂ ಒಂದೇ ರೀತಿ ಓದಿಸಿಕೊಳ್ಳುವ ಅಕ್ಷರ ಸಂಕೇತ) ಅಲ್ಲದ ನುಡಿ ಅಥವಾ ಶ್ರೀಲಿಪಿ ಅಕ್ಷರಗಳಲ್ಲಿ ಪುಟ ಕಟ್ಟುತ್ತವೆ. ಅಚ್ಚಿಗೆ ಅದು ಸಾಕು. ಇ-ಪುಸ್ತಕಕ್ಕೆ ಯೂನಿಕೋಡ್ ಬೇಕು. ಪರಿವರ್ತನೆ ಮಾಡುವಾಗ ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಹಾರುತ್ತದೆ, ಒತ್ತಕ್ಷರ ಕಳಚುತ್ತದೆ, ಉದ್ಧರಣ ಚಿಹ್ನೆಗಳ ಜಾಗದಲ್ಲಿ ಬೇರೇನೋ ಕೂರುತ್ತದೆ. ಇಡೀ ಪುಸ್ತಕದ ಕರಡನ್ನು ಮತ್ತೊಮ್ಮೆ ತಿದ್ದುವ ಖರ್ಚು. ಡಿಟಿಪಿಗೆ ಕೊಡುವ ದಿನವೇ "ಯೂನಿಕೋಡ್‌ನಲ್ಲಿ, ಇನ್‌ಡಿಸೈನ್‌ನಲ್ಲಿ ಮಾಡಿಕೊಡಿ, ಮೂಲ ಕಡತವೂ ನನಗೆ ಬೇಕು" ಎಂದು ಹೇಳಿಬಿಡಿ. ಮೂಲ ಕಡತ ಕೈಯಲ್ಲಿದ್ದವರು ಎರಡನೆಯ ಮುದ್ರಣಕ್ಕೆ ಯಾರ ಹಂಗಿನಲ್ಲೂ ಇರುವುದಿಲ್ಲ.

ಯಾರಿಗೆ ಯಾವುದು

ಕಲಬುರಗಿಯ ಇಪ್ಪತ್ತೆಂಟರ ಕಥೆಗಾರ್ತಿ, ಮೊದಲ ಸಂಕಲನ, ಕೈಯಲ್ಲಿ ಹಣವಿಲ್ಲ ಎಂದರೆ: ಪ್ರಕಾಶಕರಿಗೆ ಕಳಿಸಿ, ಹಸ್ತಪ್ರತಿ ಸ್ಪರ್ಧೆಗಳಿಗೆ ಹಾಕಿ, ಜೊತೆಗೆ ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ಕೊಡುವ ಪ್ರೋತ್ಸಾಹಧನದ ಪ್ರಕಟಣೆಗೆ ಕಾಯಿರಿ. ಅಚ್ಚು ಹಾಕಿಸಿಬಿಟ್ಟರೆ ಹಸ್ತಪ್ರತಿ ಕೇಳುವ ಇಂಥ ಬಾಗಿಲುಗಳು ಮುಚ್ಚುತ್ತವೆ. ಒಂದು ವರ್ಷ ಕಾಯುವುದು ಇಲ್ಲಿ ನಷ್ಟವಲ್ಲ.

ನಿವೃತ್ತ ಮೇಷ್ಟ್ರು ತಮ್ಮ ಊರಿನ ಇತಿಹಾಸ ಬರೆದಿದ್ದಾರೆ ಎಂದರೆ ಓದುಗರು ಆ ಊರಿನಲ್ಲೇ ಇದ್ದಾರೆ, ಊರು ಬಿಟ್ಟವರು ವಾಟ್ಸ್ಆ್ಯಪ್ ಗುಂಪಿನಲ್ಲಿದ್ದಾರೆ. ಪ್ರೀ ಬುಕಿಂಗ್ ಮಾಡಿ, ಜಾತ್ರೆಯ ಹೊತ್ತಿಗೆ ಡಿಜಿಟಲ್‌ನಲ್ಲಿ ಮುನ್ನೂರು ತನ್ನಿ. ಅಂಗಡಿಗೆ ಕೊಡುವ ಗೋಜೇ ಬೇಡ. ಹಳೆಯ ಫೋಟೊಗಳನ್ನು ಮಧ್ಯದಲ್ಲಿ ಎಂಟು ಆರ್ಟ್ ಪೇಪರ್ ಪುಟಗಳಿಗೆ ಸೀಮಿತಗೊಳಿಸಿದರೆ ಖರ್ಚು ಹಿಡಿತದಲ್ಲಿರುತ್ತದೆ.

ಅಮೆರಿಕದಲ್ಲಿ ನೆಲೆಸಿ ನೆನಪುಗಳನ್ನು ಬರೆದವರಿಗೆ ಇ-ಪುಸ್ತಕವೂ ಬೇಡಿಕೆ ಮುದ್ರಣವೂ ಜೊತೆಯಾಗಿ ಸಾಕು. ಬೆಂಗಳೂರಿನ ತಮ್ಮನ ಮನೆಯಲ್ಲಿ ಸಾವಿರ ಪುಸ್ತಕ ಪೇರಿಸುವುದು ಆ ತಮ್ಮನಿಗೆ ಮಾಡುವ ಅನ್ಯಾಯ.

ಈಗಾಗಲೇ ಎರಡು ಪುಸ್ತಕ ತಂದು ಐನೂರು ಓದುಗರ ವಿಳಾಸ ಇಟ್ಟುಕೊಂಡಿರುವ ಕಾದಂಬರಿಕಾರರು ಸ್ವಂತ ಪ್ರಕಾಶನ ತೆರೆಯಬಹುದು. ಆಫ್‌ಸೆಟ್‌ನಲ್ಲಿ ಸಾವಿರ, ಐನೂರು ನೇರ ಮಾರಾಟಕ್ಕೆ, ಉಳಿದದ್ದು ಅಂಗಡಿಗಳಿಗೆ. ಅಂಗಡಿಗೆ ಕೊಡುವಾಗ ಒಂದೇ ಕಡೆ ನೂರು ಇಡುವ ಬದಲು ಹತ್ತು ಕಡೆ ಹತ್ತಿಡಿ, ರಸೀದಿ ತೆಗೆದುಕೊಳ್ಳಿ, ಮೂರು ತಿಂಗಳಿಗೊಮ್ಮೆ ಫೋನ್ ಮಾಡಿ ಲೆಕ್ಕ ಕೇಳಿ. ಕೇಳದಿದ್ದರೆ ಹಣ ತಾನಾಗಿ ಬರುವುದಿಲ್ಲ.

ಉಳಿದವರು ಕವಿಗಳು. ಕವನ ಸಂಕಲನಕ್ಕೆ ಸಾವಿರ ಪ್ರತಿ ಹಾಕಿಸಿ ಎಂದು ಯಾರಾದರೂ ಹೇಳಿದರೆ ಅವರಿಗೆ ಮುದ್ರಣಾಲಯದಲ್ಲಿ ಪಾಲಿದೆಯೇ ವಿಚಾರಿಸಿ. 96 ಪುಟ, ಅಂದರೆ ಸರಿಯಾಗಿ ಆರು ಫಾರಂ, ನೂರೈವತ್ತು ಪ್ರತಿ, ಒಳ್ಳೆಯ ಕಾಗದ, ಹೊಲಿಗೆ ಹಾಕಿದ ಬೈಂಡಿಂಗ್. ಬಿಡುಗಡೆಯ ದಿನ ಅರವತ್ತು ಹೋಗುತ್ತದೆ, ಉಳಿದದ್ದನ್ನು ಕವಿಗೋಷ್ಠಿಗೆ ಹೋದಾಗಲೆಲ್ಲ ಚೀಲದಲ್ಲಿ ಹತ್ತರಂತೆ ಒಯ್ಯಿರಿ.